ಮನೆ ಬಾಗಿಲು ಯಾವ ದಿಕ್ಕಿಗೆ? ನೆರಳನ್ನೇ ಕೇಳೋಣ

ಮಕ್ಕಳೇ, ಓಮಲೂರು, ಸೇಲಂ, ಧರ್ಮಪುರಿ, ಯಾವ ಪೇಟೆಗೆ ಹೋದರೂ ಫ್ಯಾನ್ಸಿ ಅಂಗಡಿಯ ಗಾಜಿನ ಬೀರುವಿನಲ್ಲಿ ದಪ್ಪ ಹೊಟ್ಟೆಯ ‘ನಗುವ ಬುದ್ಧ’ ಕೂತಿರ್ತಾನೆ. ಅವನ ಪಕ್ಕದಲ್ಲಿ ಬಾಯಲ್ಲಿ ನಾಣ್ಯ ಕಚ್ಚಿಕೊಂಡ ಮೂರು ಕಾಲಿನ ಕಪ್ಪೆ, ಲೋಹದ ಆಮೆ, ಗಾಜಿನ ಲೋಟದಲ್ಲಿ ನಿಲ್ಲಿಸಿದ ‘ಅದೃಷ್ಟದ ಬಿದಿರು’. ಗೃಹಪ್ರವೇಶಕ್ಕೆ ಉಡುಗೊರೆ ಅಂದ್ರೆ ಈಗ ಇವೇ. (ಅಂದ ಹಾಗೆ, ಆ ಬಿದಿರು ಬಿದಿರೇ ಅಲ್ಲ. ನಿಜವಾದ ಬಿದಿರು ಹುಲ್ಲಿನ ಕುಟುಂಬದ್ದು. ಲೋಟದಲ್ಲಿರುವುದು ಡ್ರಸೀನಾ ಎಂಬ ಆಫ್ರಿಕಾ ಮೂಲದ ಗಿಡ, ಶತಾವರಿಯ ಕುಟುಂಬಕ್ಕೆ ಸೇರಿದ್ದು.) ಇವೆಲ್ಲ ‘ಫೆಂಗ್‌ಶುಯಿ’ ಎಂಬ ಚೀನಾದ ಗೃಹಶಾಸ್ತ್ರದ ಹೆಸರಿನಲ್ಲಿ ಮಾರಾಟವಾಗುತ್ತವೆ. ನಮ್ಮಲ್ಲಿ ವಾಸ್ತು ಮೊದಲಿನಿಂದಲೂ ಇದೆ. ಈಗ ಎರಡೂ ಸೇರಿ ಒಂದೇ ಮನೆಯಲ್ಲಿ ಸಂಸಾರ ಮಾಡ್ತಿವೆ.

ಇದನ್ನು ಬರೆಯಲು ಕಾರಣ ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆ. ಅವಳ ಮನೆ ಕಡಯಂಪಟ್ಟಿ ಕಡೆ, ಸೇರ್ವರಾಯನ್ ಬೆಟ್ಟದ ಬುಡದಲ್ಲಿ. ಕ್ಲಾಸು ಮುಗಿದ ಮೇಲೆ ನಿಂತು ಕೇಳಿದಳು: “ಸಾರ್, ನಮ್ಮ ಮನೆ ಬಾಗಿಲು ತೆಂಕು ಮುಖ. ಅದಕ್ಕೇ ಅಮ್ಮನ ಕೆಮ್ಮು ವಾಸಿಯಾಗ್ತಿಲ್ಲ ಅಂತ ಹೇಳ್ತಾರೆ. ಬಾಗಿಲು ಒಡೆದು ಮೂಡಕ್ಕೆ ಇಡಬೇಕಂತೆ. ನಿಜವಾ ಸಾರ್?”

ಗೋಡೆ ಒಡೆದು, ಹೊಸ ಚೌಕಟ್ಟು ಕೂರಿಸಿ, ಮೇಲೆ ಲಿಂಟಲ್ ಹಾಕಿ, ಹಳೇ ಬಾಗಿಲಿನ ಜಾಗ ಮುಚ್ಚಬೇಕು. ಆ ಖರ್ಚಿಗೆ ಅವಳ ಅಪ್ಪ ತೆಗೆಯಬೇಕೆಂದಿದ್ದದ್ದು ಅವಳ ಅಣ್ಣನ ಕಾಲೇಜಿಗೆ ಎತ್ತಿಟ್ಟ ದುಡ್ಡು. ‘ಎಲ್ಲ ಸುಳ್ಳು, ಹೋಗಮ್ಮ’ ಅಂತ ಒಂದು ಮಾತಿನಲ್ಲಿ ಹೇಳಿ ಕಳಿಸಬಹುದಿತ್ತು. ಆದರೆ ಮನೆಯಲ್ಲಿ ಹಿರಿಯರ ಮುಂದೆ ಅವಳು ಏನು ಹೇಳಬೇಕು? ‘ಸಾರ್ ಹೇಳಿದ್ರು’ ಅನ್ನೋದು ಪುರಾವೆ ಅಲ್ಲ. ಮೊದಲು ಈ ನಿಯಮಗಳು ಎಲ್ಲಿ ಹುಟ್ಟಿದವು, ಅಲ್ಲಿ ಅವು ಯಾವ ಕೆಲಸ ಮಾಡ್ತಿದ್ದವು ಅಂತ ನೋಡಬೇಕು. ಆಮೇಲೆ ನಮ್ಮ ಅಂಗಳಕ್ಕೆ ಬರಬೇಕು.

ಗಾಳಿ ಮತ್ತು ನೀರು

ಚೀನೀ ಭಾಷೆಯಲ್ಲಿ ‘ಫೆಂಗ್’ ಅಂದ್ರೆ ಗಾಳಿ, ‘ಶುಯಿ’ ಅಂದ್ರೆ ನೀರು. ಇದರ ಹಳೆಯ ಗ್ರಂಥಗಳಲ್ಲಿ ಹೆಸರಾದದ್ದು ನಾಲ್ಕನೇ ಶತಮಾನದ ಗುವೊ ಪು ಎಂಬುವನ ಹೆಸರಿನಲ್ಲಿರುವ ‘ಸಮಾಧಿಗಳ ಪುಸ್ತಕ’. ಹೌದು, ಅದರ ವಿಷಯ ಸಮಾಧಿಗೆ ಒಳ್ಳೆಯ ಜಾಗ ಹುಡುಕೋದು! ಪುಸ್ತಕದ ಪ್ರಕಾರ ‘ಚಿ’ ಎಂಬ ಜೀವಶಕ್ತಿ ಗಾಳಿಗೆ ಚದುರುತ್ತದೆ, ನೀರಿನ ಬಳಿ ನಿಲ್ಲುತ್ತದೆ. ಆ ‘ಚಿ’ಯನ್ನು ಇವತ್ತಿನ ತನಕ ಯಾವ ಉಪಕರಣವೂ ಅಳೆದಿಲ್ಲ. ಅದನ್ನು ಪಕ್ಕಕ್ಕಿಡೋಣ. ಆದರೆ ಜಾಗ ಆರಿಸುವ ನಿಯಮ ಮಾತ್ರ ಗಮನಿಸುವಂಥದ್ದು: ಮನೆಯ ಹಿಂದೆ, ಉತ್ತರಕ್ಕೆ, ಬೆಟ್ಟ ಇರಬೇಕು. ಎಡಬಲಕ್ಕೆ ತಗ್ಗಿನ ಗುಡ್ಡಗಳು. ಮುಂದೆ, ದಕ್ಷಿಣಕ್ಕೆ, ಬಯಲು ಮತ್ತು ನೀರು. ಬಾಗಿಲು ದಕ್ಷಿಣಕ್ಕೆ.

ದಕ್ಷಿಣಕ್ಕೆ! ನಮ್ಮೂರಲ್ಲಿ ಹೆದರುವ ದಿಕ್ಕೇ ಅಲ್ಲಿ ಶುಭ. ಬೀಜಿಂಗಿನ ಅರಮನೆ ದಕ್ಷಿಣಕ್ಕೆ ಮುಖ ಮಾಡಿದೆ. ಅದರ ಬೆನ್ನಿಗೆ ಬೆಟ್ಟ ಇರಲಿಲ್ಲ. ಮಿಂಗ್ ದೊರೆಗಳ ಕಾಲದಲ್ಲಿ ಕಂದಕ ತೋಡಿದ ಮಣ್ಣನ್ನು ಉತ್ತರಕ್ಕೆ ಗುಡ್ಡೆ ಹಾಕಿ ಬೆಟ್ಟವನ್ನೇ ಕಟ್ಟಿದರು. ಜಿಂಗ್‌ಶಾನ್ ಎಂಬ ಆ ಬೆಟ್ಟ ಇವತ್ತೂ ಇದೆ.

ಯಾಕೆ ಹೀಗೆ? ಬೀಜಿಂಗ್ ಇರುವುದು ಸುಮಾರು 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಚಳಿಗಾಲದಲ್ಲಿ ಸೈಬೀರಿಯಾ ಕಡೆಯಿಂದ ಕೊರೆಯುವ ಗಾಳಿ ಬೀಸೋದು ಉತ್ತರದಿಂದ. ಬೆನ್ನಿಗೆ ಬೆಟ್ಟ ಇದ್ದರೆ ಅದು ತಡೆ. ಮತ್ತೆ ಆ ಊರಿನಲ್ಲಿ ಸೂರ್ಯ ನಡುಹಗಲಲ್ಲಿ ಯಾವಾಗಲೂ ದಕ್ಷಿಣದಲ್ಲೇ ಇರುತ್ತಾನೆ, ವರ್ಷದ 365 ದಿನವೂ. ಡಿಸೆಂಬರಿನಲ್ಲಿ ಅವನು ಕ್ಷಿತಿಜದಿಂದ ಬರೀ 27 ಡಿಗ್ರಿ ಎತ್ತರಕ್ಕೆ ಬರುತ್ತಾನೆ. ದಕ್ಷಿಣಕ್ಕೆ ಬಾಗಿಲು, ಕಿಟಕಿ ಇದ್ದರೆ ಆ ಓರೆ ಬಿಸಿಲು ಮನೆಯ ಒಳಗಿನ ಗೋಡೆ ತನಕ ಬರುತ್ತದೆ. ಬೆಂಕಿ ಕಾಯಿಸುವ ಸೌದೆ ಉಳಿಯುತ್ತದೆ. ಚಳಿ ದೇಶದ ರೈತನಿಗೆ ಇದಕ್ಕಿಂತ ಒಳ್ಳೆಯ ಸಲಹೆ ಬೇಕಾ?

ಈಗ ಅದೇ ನಿಯಮವನ್ನು ಆಸ್ಟ್ರೇಲಿಯಾಕ್ಕೆ ಒಯ್ಯಿರಿ. ಅಲ್ಲಿನ ಸಿಡ್ನಿಯಲ್ಲಿ ನಡುಹಗಲ ಸೂರ್ಯ ಇರೋದು ಉತ್ತರಕ್ಕೆ. ದಕ್ಷಿಣಕ್ಕೆ ಬಾಗಿಲಿಟ್ಟವನಿಗೆ ಸಿಗೋದು ಚಳಿ ಮತ್ತು ನೆರಳು. ಅಲ್ಲಿ ದಿಕ್ಕನ್ನು ತಿರುಗಿಸಿ ಓದಬೇಕೋ ಬೇಡವೋ ಅಂತ ಫೆಂಗ್‌ಶುಯಿ ಹೇಳುವವರಲ್ಲೇ ಜಗಳ ಇದೆ. ನನಗೆ ಈ ಜಗಳವೇ ಬಹಳ ಪಾಠ ಹೇಳುತ್ತದೆ ಅನ್ನಿಸುತ್ತೆ. ನಿಯಮ ಮಾಡಿದವರು ತಮ್ಮ ಊರಿನ ಬಿಸಿಲು ನೋಡಿ ಮಾಡಿದರು. ಕೊಂಡೊಯ್ದವರು ಬಿಸಿಲನ್ನು ಬಿಟ್ಟು ನಿಯಮವನ್ನಷ್ಟೇ ಒಯ್ದರು.

ಎರಡು ಭಾಷೆ, ಎರಡು ದಿಕ್ಸೂಚಿ

ನಮ್ಮ ಕಡೆ ಮಕ್ಕಳಿಗೆ ಒಂದು ಅನುಕೂಲ ಇದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ದಿಕ್ಕಿನ ಹೆಸರುಗಳನ್ನು ಎರಡರಲ್ಲೂ ಹೇಳಿ ನೋಡಿ. ಕನ್ನಡದಲ್ಲಿ ಮೂಡು, ಪಡು. ಸೂರ್ಯ ಮೂಡುವ ಕಡೆ ಮೂಡಣ, ಪಡುವ ಅಂದರೆ ಮುಳುಗುವ ಕಡೆ ಪಡುವಣ. ತಮಿಳಿನಲ್ಲಿ ಕಿಳಕ್ಕು, ಮೇರ್ಕು. ‘ಕೀಳ್’ ಅಂದರೆ ಕೆಳಗೆ, ‘ಮೇಲ್’ ಅಂದರೆ ಮೇಲೆ. ತಮಿಳುನಾಡಿನ ನೆಲ ಒಟ್ಟಾರೆ ಪಡುವಣ ಘಟ್ಟದಿಂದ ಮೂಡಣ ಕಡಲಿಗೆ ಇಳಿಯುತ್ತದೆ. ಹಾಗಾಗಿ ಪೂರ್ವ ‘ಕೆಳಗೆ’, ಪಶ್ಚಿಮ ‘ಮೇಲೆ’. ಒಂದು ಭಾಷೆ ಆಕಾಶ ನೋಡಿ ಹೆಸರಿಟ್ಟಿತು, ಇನ್ನೊಂದು ನೆಲ ನೋಡಿ.

ಕಡಯಂಪಟ್ಟಿಯಲ್ಲಿ ನಿಂತು ನೋಡಿದರೆ ತಮಾಷೆ ಗೊತ್ತಾಗುತ್ತೆ. ಇಲ್ಲಿ ಸೇರ್ವರಾಯನ್ ಬೆಟ್ಟ ಇರೋದು ಮೂಡಣಕ್ಕೆ. ಅದರ ಎತ್ತರದ ತುದಿಗಳು 1,600 ಮೀಟರ್ ಮುಟ್ಟುತ್ತವೆ. ಆ ಬೆಟ್ಟದಲ್ಲಿ ಹುಟ್ಟುವ ಸರಬಂಗಾ ಹೊಳೆ ಓಮಲೂರಿನ ಕಡೆ ಇಳಿದು ಮುಂದೆ ಕಾವೇರಿ ಸೇರುತ್ತದೆ. ಅಂದರೆ ನಮ್ಮಲ್ಲಿ ‘ಕೆಳಗಿನ’ ದಿಕ್ಕೇ ಮೇಲೆ, ‘ಮೇಲಿನ’ ದಿಕ್ಕೇ ಕೆಳಗೆ! ಇಡೀ ನಾಡಿಗೆ ಸರಿಯಾದ ಮಾತು ಒಂದು ಊರಿಗೆ ಸರಿ ಇರಬೇಕಾಗಿಲ್ಲ.

ಗಾಳಿಗೂ ಹೆಸರಿದೆ. ತೆಂಕಣದಿಂದ ಬರುವ ತಂಪು ಗಾಳಿಗೆ ತಮಿಳರು ‘ತೆಂಡ್ರಲ್’ ಅಂತಾರೆ. ಬಡಗಣದ ಚಳಿಗಾಳಿಗೆ ‘ವಾಡೈ’. ನಮ್ಮ ಹಳಗನ್ನಡ ಕವಿಗಳಿಗೂ ತೆಂಕಣ ಗಾಳಿ ಅಂದ್ರೆ ಪ್ರಾಣ. ಇಷ್ಟು ಹೊಗಳಿಸಿಕೊಂಡ ಗಾಳಿ ಬರುವ ದಿಕ್ಕಿಗೆ ಬಾಗಿಲು ಬೇಡ ಅನ್ನೋದು ಹೇಗೆ? ‘ಅದು ಯಮನ ದಿಕ್ಕು’ ಅನ್ನೋದು ಉತ್ತರ. ನಂಬಿಕೆಯ ಬಗ್ಗೆ ನಾನು ಜಗಳ ಆಡೋದಿಲ್ಲ. ಆದರೆ ‘ತೆಂಕು ಬಾಗಿಲ ಮನೆ ಸೆಕೆ, ಅನಾರೋಗ್ಯ’ ಅಂತ ಹೇಳಿದ ಕ್ಷಣ ಅದು ಅಳತೆಯ ಮಾತಾಗುತ್ತದೆ. ಅಳತೆ ಅಂದ ಮೇಲೆ ಅಳೆಯೋಣ.

ನಮ್ಮೂರ ಸೂರ್ಯನ ಲೆಕ್ಕ

ಕಡಯಂಪಟ್ಟಿಯ ಅಕ್ಷಾಂಶ ಸುಮಾರು 11.9 ಡಿಗ್ರಿ ಉತ್ತರ. ಸೂರ್ಯ ವರ್ಷದಲ್ಲಿ 23.4 ಡಿಗ್ರಿ ದಕ್ಷಿಣದಿಂದ 23.4 ಡಿಗ್ರಿ ಉತ್ತರದ ತನಕ ಓಡಾಡುತ್ತಾನೆ. ಅಂದರೆ ವರ್ಷಕ್ಕೆ ಎರಡು ಸಲ ನಮ್ಮ ನಡುನೆತ್ತಿಯ ಮೇಲೆ ಹಾದುಹೋಗಲೇಬೇಕು. ಆ ದಿನಗಳು ಏಪ್ರಿಲ್ 21 ಮತ್ತು ಆಗಸ್ಟ್ 22ರ ಆಸುಪಾಸು. ಆ ನಡುಹಗಲು ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರೋದಿಲ್ಲ. ಇದಕ್ಕೆ ‘ಶೂನ್ಯ ನೆರಳಿನ ದಿನ’ ಅಂತಾರೆ. ಬೀಜಿಂಗಿನ ಮಕ್ಕಳಿಗೆ ಇದನ್ನು ನೋಡುವ ಭಾಗ್ಯ ಇಲ್ಲ.

ಈ ಎರಡು ದಿನಗಳ ನಡುವೆ, ಅಂದರೆ ನಾಲ್ಕು ತಿಂಗಳು, ನಮ್ಮ ನಡುಹಗಲ ಸೂರ್ಯ ಇರೋದು ಉತ್ತರಕ್ಕೆ. ಏಪ್ರಿಲ್ ಕೊನೆ, ಮೇ, ಜೂನ್ ತಿಂಗಳಲ್ಲಿ ನಡುಹಗಲ ಬಿಸಿಲು ತೆಂಕಣ ಗೋಡೆಯನ್ನು ಮುಟ್ಟೋದೇ ಇಲ್ಲ! ‘ತೆಂಕು ಮನೆ ಬೇಸಿಗೆಯಲ್ಲಿ ಕಾಯುತ್ತೆ’ ಅನ್ನುವವರಿಗೆ ಇದನ್ನು ಹೇಳಿ.

ಇನ್ನೂ ಸ್ವಲ್ಪ ಲೆಕ್ಕ ಮಾಡೋಣ. ಹತ್ತನೇ ತರಗತಿಯವರಿಗೆ ಟ್ಯಾಂಜೆಂಟ್ ಗೊತ್ತಲ್ವಾ? ಕಿಟಕಿಯ ಮೇಲೆ ಎರಡಡಿ, ಅಂದರೆ 60 ಸೆಂಟಿಮೀಟರ್ ಸಜ್ಜಾ ಇದೆ ಅಂತಿಟ್ಟುಕೊಳ್ಳಿ. ಸೂರ್ಯ ಗೋಡೆಗೆ ನೇರ ಎದುರಿಗಿದ್ದರೆ, ಸಜ್ಜಾದ ಅಗಲವನ್ನು ಸೂರ್ಯನ ಎತ್ತರದ ಕೋನದ ಟ್ಯಾಂಜೆಂಟಿನಿಂದ ಗುಣಿಸಿದರೆ ಗೋಡೆಯ ಮೇಲೆ ಎಷ್ಟು ಕೆಳಗಿನ ತನಕ ನೆರಳು ಬೀಳುತ್ತದೆ ಅಂತ ಸಿಗುತ್ತದೆ.

ತೆಂಕಣ ಗೋಡೆಗೆ ಕಷ್ಟದ ತಿಂಗಳು ಡಿಸೆಂಬರ್. ಆಗ ನಮ್ಮ ನಡುಹಗಲ ಸೂರ್ಯ 54.7 ಡಿಗ್ರಿ ಎತ್ತರ. ಲೆಕ್ಕ ಹಾಕಿ: 60ನ್ನು 1.41ರಿಂದ ಗುಣಿಸಿದರೆ ಸುಮಾರು 85 ಸೆಂಟಿಮೀಟರ್. ನಾಲ್ಕಡಿ ಎತ್ತರದ ಕಿಟಕಿಯ ಮುಕ್ಕಾಲಿಗೆ ಸ್ವಲ್ಪ ಕಡಿಮೆ ಭಾಗ ನೆರಳಲ್ಲಿ. ಉಳಿದ ಬಿಸಿಲು ಒಳಗೆ ಬಂದರೂ ಅದು ಡಿಸೆಂಬರ್ ಬಿಸಿಲು, ಹಿತವೇ. ಅದೇ ಸಜ್ಜಾ ಬೀಜಿಂಗಿನಲ್ಲಿದ್ದರೆ ನೆರಳು 30 ಸೆಂಟಿಮೀಟರ್ ಮಾತ್ರ. ಕಿಟಕಿಯ ತುಂಬ ಬಿಸಿಲು, ಅವರಿಗೆ ಬೇಕಾದ್ದೂ ಅದೇ.

ಬಡಗಣ ಗೋಡೆಗೆ ಜೂನ್ ತಿಂಗಳಲ್ಲಿ ನಡುಹಗಲ ಬಿಸಿಲು ಬರುತ್ತದೆ. ಆದರೆ ಸೂರ್ಯ 78.5 ಡಿಗ್ರಿ ಎತ್ತರದಲ್ಲಿರುತ್ತಾನೆ. ಸಜ್ಜಾದ ನೆರಳು ಸುಮಾರು 295 ಸೆಂಟಿಮೀಟರ್, ಇಡೀ ಗೋಡೆಯೇ ಮುಚ್ಚಿತು.

ಈಗ ಪಡುವಣಕ್ಕೆ ಬನ್ನಿ. ಮೇ ಮಧ್ಯದಲ್ಲಿ ಸಂಜೆ ನಾಲ್ಕೂಕಾಲು ಗಂಟೆಗೆ ಸೂರ್ಯನ ಎತ್ತರ ಸುಮಾರು 32 ಡಿಗ್ರಿ. ನೆರಳು 40 ಸೆಂಟಿಮೀಟರೂ ಇಲ್ಲ. ಐದೂಕಾಲಕ್ಕೆ 20 ಸೆಂಟಿಮೀಟರ್. ಅಂದರೆ ಮಧ್ಯಾಹ್ನವಿಡೀ ಗಾಳಿ ಕಾದು, ತಾರಸಿ ಕಾದು, ಮನೆ ಮಂದಿ ಬೆವರುತ್ತಿರುವ ಹೊತ್ತಿಗೆ ಬಿಸಿಲು ಕಿಟಕಿಯಿಂದ ನೇರ ಒಳಗೆ. ಇಲ್ಲಿ ಸಜ್ಜಾ ಸೋತಿತು. ಮರ ಬೇಕು, ಬಳ್ಳಿ ಬೇಕು, ಇಲ್ಲದಿದ್ದರೆ ತೆಂಗಿನ ಗರಿಯ ತಡಿಕೆಯಾದರೂ ಬೇಕು. ನಮ್ಮೂರಲ್ಲಿ ನಿಜವಾಗಿ ಹೆದರಬೇಕಾದ ದಿಕ್ಕು ಪಡುವಣ. ಆದರೆ ‘ಪಡುವಣ ಬಾಗಿಲಿಗೆ’ ಬಾಡಿಗೆ ಕಡಿಮೆ ಮಾಡಿದವರನ್ನು ನಾನು ನೋಡಿಲ್ಲ, ತೆಂಕಣಕ್ಕೆ ಮಾಡಿದವರನ್ನು ನೋಡಿದ್ದೇನೆ.

ವಾಸ್ತು ಹೇಳುವವರು ‘ನೈರುತ್ಯದಲ್ಲಿ ದೊಡ್ಡ ಮರ, ಎತ್ತರದ ಗೋಡೆ ಇರಲಿ’ ಅಂತಾರೆ. ಮಧ್ಯಾಹ್ನದ ಬಿಸಿಲು ತಡೆಯಲು ಅಂತ ಇದಕ್ಕೆ ವಿವರಣೆ ಕೊಡೋದೂ ಉಂಟು. ಚಳಿಗಾಲಕ್ಕೆ ಸರಿ. ಡಿಸೆಂಬರಿನಲ್ಲಿ ಸೂರ್ಯ ನೈರುತ್ಯದ ಕಡೆಯೇ ಇಳಿಯುತ್ತಾನೆ. ಆದರೆ ಮೇ ತಿಂಗಳಲ್ಲಿ ಸಂಜೆಯ ಸೂರ್ಯ ನೇರ ಪಶ್ಚಿಮಕ್ಕಿಂತ 15 ಡಿಗ್ರಿ ಉತ್ತರಕ್ಕಿರುತ್ತಾನೆ. ಜೂನ್ 21ಕ್ಕೆ ಮುಳುಗುವಾಗ 24 ಡಿಗ್ರಿ ಉತ್ತರಕ್ಕೆ. ನಮ್ಮ ಅತಿ ಸೆಕೆಯ ದಿನಗಳಲ್ಲಿ ನೆರಳು ಕೊಡಬೇಕಾದ ಮರ ಪಡುವಣಕ್ಕೆ, ಸ್ವಲ್ಪ ವಾಯುವ್ಯದ ಕಡೆಗೆ ಇರಬೇಕು. ನೈರುತ್ಯದಲ್ಲಿ ಮಾತ್ರ ಬೇವು ನೆಟ್ಟು ವಾಯುವ್ಯ ಖಾಲಿ ಬಿಟ್ಟವರಿಗೆ ಮೇ ತಿಂಗಳ ಸಂಜೆ ಬೇವಿನ ನೆರಳು ಪಕ್ಕದ ಹೊಲಕ್ಕೆ ಹೋಗಿರುತ್ತದೆ.

ಬೆಟ್ಟದ ಈಚೆ, ಬೆಟ್ಟದ ಆಚೆ

ಸೂರ್ಯನ ಮಾತು ಆಯಿತು. ಇನ್ನು ನೀರು. ಇದು ಸೆಕೆಗಿಂತ ದೊಡ್ಡ ವಿಷಯ, ಯಾಕಂದ್ರೆ ಇಲ್ಲಿ ತಪ್ಪಿದರೆ ಮಕ್ಕಳಿಗೆ ವಾಂತಿಭೇದಿ.

‘ಬಾವಿ, ಬೋರ್‌ವೆಲ್, ಸಂಪು ಈಶಾನ್ಯದಲ್ಲಿರಬೇಕು’ ಅನ್ನೋದು ಎಲ್ಲರಿಗೂ ಬಾಯಿಪಾಠ. ಶೌಚಗುಂಡಿ ಈಶಾನ್ಯದಲ್ಲಿ ಬೇಡ, ಅದು ಬೇರೆ ಮೂಲೆಗೆ. ಕುಡಿಯುವ ನೀರನ್ನೂ ಹೊಲಸನ್ನೂ ದೂರ ಇಡುವ ಬುದ್ಧಿ ಇದರಲ್ಲಿದೆ, ಒಪ್ಪೋಣ. ಆದರೆ ಹೊಲಸು ನೀರಿಗೆ ಈಶಾನ್ಯ, ವಾಯುವ್ಯ ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ಇಳಿಜಾರು ಒಂದೇ. ಮಣ್ಣಿನ ಕೆಳಗಿನ ನೀರು ಕೂಡ ಸಾಮಾನ್ಯವಾಗಿ ನೆಲದ ಇಳಿಜಾರನ್ನೇ ಹಿಡಿದು ಹರಿಯುತ್ತದೆ.

ಕಡಯಂಪಟ್ಟಿಯ ಪಕ್ಕದಲ್ಲಿ ಬೆಟ್ಟ ಮೂಡಣಕ್ಕಿದೆ. ಇಲ್ಲಿ ಬೆಟ್ಟದ ಬುಡದ ಎಷ್ಟೋ ಮನೆಗಳಿಗೆ ಈಶಾನ್ಯ ಮೂಲೆ ಏರುಗಡೆ. ಬಾವಿ ಅಲ್ಲಿದ್ದು, ಶೌಚಗುಂಡಿ ಪಡುವಣಕ್ಕಿದ್ದರೆ ಬಾವಿ ಮೇಲೆ, ಗುಂಡಿ ಕೆಳಗೆ. ಚೆನ್ನಾಗಿದೆ. ಈಗ ಅದೇ ಬೆಟ್ಟವನ್ನು ದಾಟಿ ಆಚೆ ಪಕ್ಕಕ್ಕೆ, ಧರ್ಮಪುರಿ ಜಿಲ್ಲೆಯ ಬೊಮ್ಮಿಡಿ ಕಡೆಗೆ ಹೋಗಿ. ಅಲ್ಲಿ ಬೆಟ್ಟ ಇರೋದು ತೆಂಕಣಕ್ಕೆ. ಬೆಟ್ಟದ ಬುಡದ ನೆಲ ಈಶಾನ್ಯಕ್ಕೆ ಇಳಿಯುವ ಕಡೆ ಅದೇ ನಿಯಮದಂತೆ ಬಾವಿ ತೋಡಿದರೆ ಬಾವಿ ಕೆಳಗೆ, ಶೌಚಗುಂಡಿ ಮೇಲೆ! ಒಂದೇ ಬೆಟ್ಟ, ಒಂದೇ ನಿಯಮ. ಒಂದು ಕಡೆ ಕಾಪಾಡಿತು, ಇನ್ನೊಂದು ಕಡೆ ಹೊಲಸನ್ನು ಬಾವಿಗೇ ದಾರಿ ತೋರಿಸಿತು.

ಹಾಗಾದರೆ ಏನು ನೋಡಬೇಕು? ಬಾವಿ ಶೌಚಗುಂಡಿಗಿಂತ ಏರುಗಡೆ ಇರಬೇಕು. ಎರಡಕ್ಕೂ ನಡುವೆ 50–60 ಅಡಿಯಾದರೂ ಅಂತರ ಇರಬೇಕು. ಇಳಿಜಾರು ಗೊತ್ತಾಗದಿದ್ದರೆ ಮೇಸ್ತ್ರಿಗಳ ಹತ್ತಿರ ನೀರು ತುಂಬಿದ ಪಾರದರ್ಶಕ ಟ್ಯೂಬು ಇರುತ್ತೆ, ಕೇಳಿ ನೋಡಿ. ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುವ ಆ ಟ್ಯೂಬು ಅಂಗಳದ ಯಾವ ಮೂಲೆ ಎಷ್ಟು ತಗ್ಗು ಅಂತ ಕರಾರುವಾಕ್ಕಾಗಿ ಹೇಳುತ್ತದೆ.

ಅಗ್ನಿ ಮೂಲೆಯ ಹೊಗೆ

ವಿದ್ಯಾರ್ಥಿನಿಯ ಮನೆಗೆ ಬರೋಣ. ಅವಳಿಗೆ ನಾನು ಕೊಟ್ಟ ಮನೆಕೆಲಸ ಸರಳ: ಮನೆಯ ನಕ್ಷೆ ಬರಿ, ಕಿಟಕಿ ಗುರುತಿಸು, ಅಡುಗೆಮನೆಯಲ್ಲಿ ಒಂದು ಊದುಬತ್ತಿ ಹಚ್ಚಿ ಹೊಗೆ ಎತ್ತ ಹೋಗುತ್ತೆ ಬರೆದುಕೊಂಡು ಬಾ. ಮೂರು ಹೊತ್ತು, ಒಂದು ವಾರ.

ನಕ್ಷೆ ಬಂತು. ಅಡುಗೆಮನೆ ಆಗ್ನೇಯದಲ್ಲಿ, ಶಾಸ್ತ್ರದ ಪ್ರಕಾರ ಸರಿಯಾದ ಜಾಗದಲ್ಲೇ ಇತ್ತು. ಈ ಅಗ್ನಿ ಮೂಲೆಯ ನಿಯಮಕ್ಕೆ ಒಂದು ಕಾರಣ ಊಹಿಸಬಹುದು. ನಮ್ಮ ಮುಖ್ಯ ಮಾರುತಗಳು ಎರಡು, ಜೂನ್‌ನಿಂದ ನೈರುತ್ಯದ್ದು, ಅಕ್ಟೋಬರ್‌ನಿಂದ ಈಶಾನ್ಯದ್ದು. ಆಗ್ನೇಯ ಮೂಲೆ ಈ ಎರಡು ಗಾಳಿಯ ದಾರಿಗೂ ಪಕ್ಕದಲ್ಲಿದೆ. ಹಾಗಾಗಿ ಹೊಗೆ ಮನೆಯ ಮೇಲೆ ಹಾಯದೆ ಅಂಚಿನಲ್ಲೇ ಹೋದೀತು. ಚೆನ್ನಾಗಿದೆ ಅಲ್ವಾ? ಆದರೆ ಹುಷಾರು. ಇದು ನನ್ನ ಊಹೆ. ಉತ್ತರ ಮೊದಲೇ ಗೊತ್ತಿದ್ದು ಆಮೇಲೆ ಹುಡುಕಿದ ಕಾರಣ ಯಾವಾಗಲೂ ಚೆನ್ನಾಗಿಯೇ ಕಾಣುತ್ತೆ. ಬೆಟ್ಟದ ಬುಡದಲ್ಲಂತೂ ಹಗಲು ಗಾಳಿ ಬೆಟ್ಟ ಏರುತ್ತೆ, ರಾತ್ರಿ ತಂಪಾಗಿ ಇಳಿಯುತ್ತೆ. ಮಾರುತದ ಲೆಕ್ಕ ಅಲ್ಲಿ ಅರ್ಧ ಕೆಡುತ್ತದೆ. ಅದಕ್ಕೇ ಊದುಬತ್ತಿ.

ಊದುಬತ್ತಿ ಹೇಳಿದ್ದು ಇದು: ಹೊಗೆ ಎತ್ತಲೂ ಹೋಗುತ್ತಿಲ್ಲ. ಸೌದೆ ಒಲೆ, ಒಂದೇ ಕಿಟಕಿ, ಆ ಕಿಟಕಿಯ ಮುಂದೆ ಸೌದೆ ರಾಶಿ. ಎದುರು ಗೋಡೆಯಲ್ಲಿ ಗಾಳಿ ಹೊರಹೋಗಲು ತೂತೂ ಇಲ್ಲ. ಒಂದು ಕಿಟಕಿ ಇದ್ದರೆ ಗಾಳಿ ಒಳಬರಲು ಹಿಂಜರಿಯುತ್ತೆ, ಹೊರಹೋಗುವ ದಾರಿ ಇದ್ದರೆ ಮಾತ್ರ ಹರಿಯುತ್ತೆ. ಬಿಸಿ ಹೊಗೆ ಮೇಲೇರುವುದರಿಂದ ಆ ದಾರಿ ಗೋಡೆಯ ಮೇಲ್ಭಾಗದಲ್ಲಿದ್ದರೆ ಒಳ್ಳೆಯದು. ಸೌದೆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇದೆ, ಶ್ವಾಸಕೋಶದ ಆಳಕ್ಕೆ ಇಳಿಯುವ ಸೂಕ್ಷ್ಮ ಕಣಗಳಿವೆ. ದಿನಕ್ಕೆ ಎರಡು ಮೂರು ಗಂಟೆ ಅದರಲ್ಲಿ ಕೂರುವ ಅಮ್ಮಂದಿರ ಬಾಗಿಲು ಯಾವ ದಿಕ್ಕಿಗಿದ್ದರೇನು?

ಇನ್ನೊಂದು ಮಾತನ್ನೂ ಹೇಳಿ ಕಳಿಸಿದೆ. ಎರಡು ವಾರ ಮೀರಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ. ಕ್ಷಯ ಇದೆಯೋ ಇಲ್ಲವೋ ಮೊದಲು ಗೊತ್ತಾಗಬೇಕು. ‘ಬಾಗಿಲು ಸರಿಮಾಡಿಸಿ ಆಮೇಲೆ ನೋಡೋಣ’ ಅಂತ ತಿಂಗಳುಗಟ್ಟಲೆ ಕಾಯುವುದರಲ್ಲಿ ದುಡ್ಡಿಗಿಂತ ಹೆಚ್ಚಿನದು ಕಳೆದುಹೋಗಬಹುದು. ಪರೀಕ್ಷೆ ಆಯಿತು, ಕ್ಷಯ ಇರಲಿಲ್ಲ. ಔಷಧಿ ಕೊಟ್ಟರು. ಅಪ್ಪ ಸೌದೆ ರಾಶಿ ಹೊರಗೆ ಹಾಕಿ ಎದುರು ಗೋಡೆಯ ಮೇಲೆ ಒಂದು ಗವಾಕ್ಷಿ ತೆಗೆಸಿದರು. ಕೆಮ್ಮು ಕಡಿಮೆಯಾಯಿತು. ಗವಾಕ್ಷಿಯಿಂದಲೋ ಔಷಧಿಯಿಂದಲೋ? ನಾನು ಹೇಳಲಾರೆ. ಎರಡನ್ನೂ ಒಟ್ಟಿಗೆ ಬದಲಾಯಿಸಿದ ಮೇಲೆ ಯಾವುದರಿಂದ ಅಂತ ಬೇರ್ಪಡಿಸಲು ಆಗೋದಿಲ್ಲ. ಬಾಗಿಲು ಮಾತ್ರ ತೆಂಕಕ್ಕೇ ಇತ್ತು, ಅದು ಬದಲಾಗಲಿಲ್ಲ.

ಕಾಂತ, ಕಂಜಮಲೈ ಮತ್ತು ಮೊಬೈಲ್

ಇನ್ನು ದಿಕ್ಕನ್ನೇ ಗುರುತಿಸುವ ವಿಷಯ. ಫೆಂಗ್‌ಶುಯಿ ನೋಡುವವರ ಕೈಯಲ್ಲಿ ‘ಲೊಪಾನ್’ ಎಂಬ ವೃತ್ತಾಕಾರದ ಹಲಗೆ, ನಡುವೆ ಕಾಂತಸೂಜಿ ಇರುತ್ತದೆ. ಚೀನೀ ಭಾಷೆಯಲ್ಲಿ ದಿಕ್ಸೂಚಿಯ ಹೆಸರೇ ‘ದಕ್ಷಿಣ ತೋರುವ ಸೂಜಿ’. 1088ರ ಸುಮಾರಿಗೆ ಶೆನ್ ಕುವೊ ಎಂಬ ಚೀನೀ ವಿದ್ವಾಂಸ, ಸೂಜಿ ನೇರ ದಕ್ಷಿಣಕ್ಕೆ ನಿಲ್ಲದೆ ತುಸು ಪೂರ್ವಕ್ಕೆ ವಾಲುತ್ತದೆ ಅಂತ ಬರೆದಿಟ್ಟ. ಭೂಮಿಯ ಕಾಂತಧ್ರುವವೂ ಭೌಗೋಳಿಕ ಧ್ರುವವೂ ಒಂದೇ ಕಡೆ ಇಲ್ಲದಿರುವುದರ ಫಲ ಇದು. ಶಕುನ ನೋಡುವ ಆಸೆಯಿಂದ ಹುಟ್ಟಿದ ಕುತೂಹಲ ಒಂದು ದೊಡ್ಡ ಉಪಕರಣವನ್ನೇ ಜಗತ್ತಿಗೆ ಕೊಟ್ಟಿತು. ಇದಕ್ಕೆ ನಾನು ಫೆಂಗ್‌ಶುಯಿಗೆ ಕೈಮುಗಿಯುತ್ತೇನೆ.

ಈಗ ಎಲ್ಲರೂ ಮೊಬೈಲ್ ತೆಗೆದು ದಿಕ್ಕು ನೋಡ್ತಾರೆ. ನಮ್ಮ ಕಡೆ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ, ತುಂಬ ದುರ್ಬಲ. ಕಾಂಕ್ರೀಟಿನೊಳಗಿನ ಕಂಬಿ, ಕಬ್ಬಿಣದ ಬೀರು, ನಿಂತ ಬೈಕು ಸಾಕು ಅದನ್ನು ಕೆಡಿಸಲು. ಸೇಲಂ ಪಕ್ಕದ ಕಂಜಮಲೈ ಬೆಟ್ಟದಲ್ಲಂತೂ ಕಾಂತಗುಣವಿರುವ ಮ್ಯಾಗ್ನಟೈಟ್ ಅದಿರೇ ಇದೆ. ಅಂಥ ಬಂಡೆಯ ಪಕ್ಕ ನಿಂತು ಮೊಬೈಲಿನಲ್ಲಿ ಈಶಾನ್ಯ ಹುಡುಕಿದರೆ ಅದು ತೋರಿಸೋದು ಬಂಡೆಯ ಮನಸ್ಸಿಗೆ ಬಂದ ಈಶಾನ್ಯ! ನಿಮ್ಮ ಮನೆಯಲ್ಲೇ ಪರೀಕ್ಷಿಸಿ: ಮೊಬೈಲನ್ನು ಕಬ್ಬಿಣದ ಬೀರುವಿನ ಹತ್ತಿರ ಒಯ್ದು, ಮತ್ತೆ ಬಯಲಿಗೆ ತನ್ನಿ. ಎಷ್ಟು ಡಿಗ್ರಿ ವ್ಯತ್ಯಾಸ ಬರೆದಿಡಿ.

‘ಉತ್ತರಕ್ಕೆ ತಲೆ ಹಾಕಿ ಮಲಗಿದರೆ ಭೂಮಿಯ ಕಾಂತ ರಕ್ತದ ಕಬ್ಬಿಣವನ್ನು ಎಳೆಯುತ್ತೆ’ ಅನ್ನೋ ಮಾತೂ ಕೇಳಿರ್ತೀರಿ. ರಕ್ತದ ಕಬ್ಬಿಣ ಮೊಳೆಯ ಕಬ್ಬಿಣದ ಹಾಗಲ್ಲ. ಅದು ಹಿಮೋಗ್ಲೋಬಿನ್ ಅಣುವಿನೊಳಗೆ ಬಂಧಿಯಾಗಿದೆ, ಕಾಂತಕ್ಕೆ ಅಂಟಿಕೊಳ್ಳೋದಿಲ್ಲ. ಆಸ್ಪತ್ರೆಯ ಎಂ.ಆರ್.ಐ. ಯಂತ್ರದ ಕಾಂತ 1.5 ಟೆಸ್ಲಾ, ನಮ್ಮ ನೆಲದ ಕಾಂತಕ್ಷೇತ್ರದ ಸುಮಾರು 37,000 ಪಟ್ಟು. ಅದರೊಳಗೆ ಅರ್ಧ ಗಂಟೆ ಮಲಗಿದವರ ರಕ್ತ ಒಂದು ಕಡೆ ಸೇರಿಕೊಂಡದ್ದು ಯಾರೂ ಕಂಡಿಲ್ಲ.

ಬೀದಿಯ ಲೆಕ್ಕ, ಅಂಗಳದ ಲೆಕ್ಕ

ಒಂದು ಸುಲಭ ಪ್ರಶ್ನೆ. ನಿಮ್ಮೂರಲ್ಲಿ ಪೂರ್ವ ಪಶ್ಚಿಮವಾಗಿ ಹೋಗುವ ಒಂದು ಬೀದಿ ಇದೆಯಾ? ಅದರ ಬಡಗಣ ಸಾಲಿನ ಮನೆಗಳೆಲ್ಲ ತೆಂಕಕ್ಕೆ ಮುಖ, ತೆಂಕಣ ಸಾಲಿನವೆಲ್ಲ ಬಡಗಕ್ಕೆ ಮುಖ. ಬೇರೆ ದಾರಿಯೇ ಇಲ್ಲ. ತೆಂಕು ಬಾಗಿಲಿನಿಂದ ಕೇಡು ಅನ್ನೋದಾದರೆ ಲೋಕದ ಇಂಥ ಪ್ರತಿಯೊಂದು ಬೀದಿಯಲ್ಲೂ ಒಂದು ಸಾಲು ಹಾಳಾಗಿ ಇನ್ನೊಂದು ಸಾಲು ಉದ್ಧಾರವಾಗಿರಬೇಕಿತ್ತು. ನಡೆದು ನೋಡಿ. ‘ತೆಂಕು ಮನೆಯವರಿಗೆ ಹೀಗಾಯ್ತು’ ಅಂತ ಯಾರಾದರೂ ಹೇಳಿದರೆ ಇನ್ನೂ ಮೂರು ಸಂಖ್ಯೆ ಕೇಳಿ: ಏನೂ ಆಗದ ತೆಂಕು ಮನೆಗಳು ಎಷ್ಟು, ಹೀಗೇ ಆದ ಬಡಗು ಮನೆಗಳು ಎಷ್ಟು, ಏನೂ ಆಗದ ಬಡಗು ಮನೆಗಳು ಎಷ್ಟು? ನಾಲ್ಕೂ ಕೈಗೆ ಬರುವ ತನಕ ಲೆಕ್ಕ ಶುರುವಾಗಿಲ್ಲ. (ಜನರ ಕಷ್ಟವನ್ನು ಬಾಗಿಲು ತಟ್ಟಿ ಕೇಳಲು ಹೋಗಬೇಡಿ, ಅದು ಸಭ್ಯತೆ ಅಲ್ಲ.)

ದಿಕ್ಕನ್ನು ಸರಿಯಾಗಿ ಹುಡುಕುವ ವಿಧಾನ ನಮ್ಮ ಹಳೆಯ ಶಿಲ್ಪಿಗಳಿಗೆ ಚೆನ್ನಾಗಿ ಗೊತ್ತಿತ್ತು. ಕಾತ್ಯಾಯನ ಶುಲ್ಬಸೂತ್ರದಲ್ಲಿ, ವಾಸ್ತುಗ್ರಂಥವಾದ ಮಯಮತದಲ್ಲಿ ಅದರ ವಿವರ ಇದೆ. ಕಾಂತಸೂಜಿಯೂ ಬೇಡ, ಮೊಬೈಲೂ ಬೇಡ, ಒಂದು ಕೋಲು ಸಾಕು. ವಾಸ್ತು ಪುಸ್ತಕಗಳಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದೇ.

ಶಾಲೆಯ ಅಂಗಳದಲ್ಲಿ ಸಮತಟ್ಟಾದ ಜಾಗ ಆರಿಸಿ. 30 ಸೆಂಟಿಮೀಟರ್ ಎತ್ತರದ ನೇರ ಕೋಲನ್ನು ತೂಗುಗುಂಡಿನಿಂದ ನೋಡಿ ನೆಟ್ಟಗೆ ನಿಲ್ಲಿಸಿ. ಇದೇ ಶಂಕು. ಅದರ ಬುಡವನ್ನು ಕೇಂದ್ರ ಮಾಡಿ 45 ಸೆಂಟಿಮೀಟರ್ ತ್ರಿಜ್ಯದ ವೃತ್ತ ಎಳೆಯಿರಿ. ಬೆಳಿಗ್ಗೆ ನೆರಳು ಉದ್ದ ಇದ್ದು ವೃತ್ತದ ಹೊರಗಿರುತ್ತೆ. ಒಂಬತ್ತು ಗಂಟೆಯ ಆಸುಪಾಸು ನೆರಳಿನ ತುದಿ ವೃತ್ತವನ್ನು ಮುಟ್ಟಿ ಒಳಗೆ ಬರುತ್ತೆ, ಅಲ್ಲಿ ಒಂದು ಗುರುತು. ಮಧ್ಯಾಹ್ನ ಮೂರು, ನಾಲ್ಕರ ನಡುವೆ ಮತ್ತೆ ಮುಟ್ಟಿ ಹೊರಗೆ ಹೋಗುತ್ತೆ, ಅಲ್ಲಿ ಇನ್ನೊಂದು. ಎರಡೂ ಗುರುತು ಸೇರಿಸಿದ ಗೆರೆ ನೇರ ಪೂರ್ವ ಪಶ್ಚಿಮ. ಅದಕ್ಕೆ ಲಂಬಾರ್ಧಕ ಎಳೆದರೆ ಉತ್ತರ ದಕ್ಷಿಣ. ಈಗ ಅದರ ಪಕ್ಕ ಮೊಬೈಲ್ ಇಟ್ಟು ನೋಡಿ, ಯಾರು ಸರಿ ಅಂತ.

ಕೋಲು ತೆಗೆಯಬೇಡಿ, ಆಗಸ್ಟ್ 22ಕ್ಕೆ ಬೇಕಾಗುತ್ತದೆ. ಆ ದಿನ ಕಡಯಂಪಟ್ಟಿಯಲ್ಲಿ ನಡುಹಗಲು ಗಡಿಯಾರದ 12 ಗಂಟೆಗೆ ಬರೋದಿಲ್ಲ, ಸುಮಾರು 12 ಗಂಟೆ 21 ನಿಮಿಷಕ್ಕೆ ಬರುತ್ತೆ. ಯಾಕಂದ್ರೆ ಭಾರತದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ್ದು, ನಾವಿರೋದು 78 ಡಿಗ್ರಿ ಚಿಲ್ಲರೆಯಲ್ಲಿ. ಆಗಸ್ಟ್ ಅಂದ್ರೆ ಮೋಡದ ಕಾಟ ಇದ್ದದ್ದೇ. ಆ ದಿನ ಮೋಡ ಕವಿದರೆ ಬೇಜಾರು ಬೇಡ. ಸೂರ್ಯ ದಿನಕ್ಕೆ ಮೂರನೇ ಒಂದು ಡಿಗ್ರಿಯಷ್ಟೇ ಸರಿಯುತ್ತಾನೆ, ಮರುದಿನ ನೋಡಿದರೂ ನಿಮ್ಮ ಕೋಲಿನ ನೆರಳು ಎರಡು ಮಿಲಿಮೀಟರ್ ದಾಟೋದು ಕಷ್ಟ. ಅದಕ್ಕೆ ಹಿಂದಿನ ವಾರದ ನಡುಹಗಲ ನೆರಳು ತೆಂಕಕ್ಕೆ ಬಿದ್ದಿರುತ್ತದೆ, ಮುಂದಿನ ವಾರದ್ದು ಬಡಗಕ್ಕೆ. ಎರಡನ್ನೂ ಅಳೆದು ದಿನಾಂಕ, ಗಂಟೆ, ಉದ್ದ ಮೂರನ್ನೂ ಬರೆದಿಡಿ. ಹೊಸೂರು ಕಡೆಯ ಶಾಲೆಯವರಿಗೆ ಈ ದಿನ ನಮಗಿಂತ ಎರಡು ಮೂರು ದಿನ ಮೊದಲೇ ಬರುತ್ತೆ. ಅಲ್ಲಿ ಪರಿಚಯದ ಗೆಳೆಯರಿದ್ದರೆ ಫೋನ್ ಮಾಡಿ ಅವರ ಅಳತೆಯನ್ನೂ ಕೇಳಿ ತೆಗೆದುಕೊಳ್ಳಿ.